ಪ್ರಶ್ನೋತ್ತರ: ಲಂಡನ್ ನೆಲದಡಿಯ ನೀರು, ಅದರ ಬಿಸಿ, ಅದರ ಮಾಡೆಲ್

ಪ್ರಶ್ನೆ: ನಮಸ್ಕಾರ ಮೇಡಂ. ಲಂಡನ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಎರಡು ಬೋರ್‌ವೆಲ್ ಕೊರೆಯುವ ಯೋಜನೆ ಇದೆ. ಒಂದರಿಂದ ನೀರೆತ್ತಿ ಹೀಟ್ ಪಂಪ್‌ಗೆ (ನೀರಿನಿಂದ ಬಿಸಿ ತೆಗೆದು ಕಟ್ಟಡಕ್ಕೆ ಕೊಡುವ, ಬೇಕಾದಾಗ ಕಟ್ಟಡದ ಬಿಸಿಯನ್ನು ನೀರಿಗೆ ಬಿಡುವ ಯಂತ್ರ) ಕೊಡುವುದು, ಇನ್ನೊಂದರಲ್ಲಿ ವಾಪಸ್ ಬಿಡುವುದು. ಚಳಿಗಾಲಕ್ಕೆ ಬಿಸಿ, ಬೇಸಿಗೆಗೆ ತಂಪು. ಯೋಜನೆ ಮಾಡುವವರು ಕಂಪ್ಯೂಟರ್ ಮಾಡೆಲ್‌ನ ಬಣ್ಣದ ನಕ್ಷೆ ತೋರಿಸಿ '25 ವರ್ಷ ತೊಂದರೆ ಇಲ್ಲ' ಅಂದಿದ್ದಾರೆ. ನಂಬಬಹುದಾ?

ಉತ್ತರ: ನಮಸ್ಕಾರ. ನಕ್ಷೆ ಬದಿಗಿಡಿ, ಅದರ ಹಿಂದಿನ ಅಳತೆಗಳನ್ನು ಕೇಳಿ.

ಲಂಡನ್‌ನ ಬಹುಭಾಗದ ಕೆಳಗೆ ದಪ್ಪ ಜೇಡಿಮಣ್ಣು, ಅದರಡಿ ಮರಳಿನ ಪದರಗಳು, ಆಮೇಲೆ ಚಾಕ್ ಅನ್ನುವ ಬಿಳಿ ಸುಣ್ಣಕಲ್ಲು. ನಿಮ್ಮ ನೀರು ಬರುವುದು ಚಾಕ್‌ನಿಂದ, ಸುಮಾರು 12ರಿಂದ 14 ಡಿಗ್ರಿಯಲ್ಲಿ. ಸೆಕೆಂಡಿಗೆ 10 ಲೀಟರ್ ಎತ್ತಿ, 5 ಡಿಗ್ರಿ ತಣಿಸಿದರೆ ಸುಮಾರು 209 ಕಿಲೋವಾಟ್ ಬಿಸಿ ಸಿಗುತ್ತದೆ. ಆದರೆ ಹಾಗೆ ತಣಿದ ನೀರು ವಾಪಸ್ ನೆಲಕ್ಕೆ ಹೋಗಿ, ಕೊನೆಗೆ ನೀವು ಎತ್ತುವ ಬಾವಿಯ ಕಡೆಗೇ ಹರಿಯುತ್ತದೆ. ಅದರ ತಂಪು ಯಾವಾಗ ಅಲ್ಲಿಗೆ ಮುಟ್ಟುತ್ತದೆ ಅನ್ನುವುದೇ ಮಾಡೆಲ್ ಉತ್ತರಿಸಬೇಕಾದ ಪ್ರಶ್ನೆ.

ಇದನ್ನು ತೀರ್ಮಾನಿಸುವುದು ಕಲ್ಲಿನ ಬಿರುಕುಗಳು. ಚಾಕ್ ಒಳಗೆ ಸಣ್ಣ ರಂಧ್ರಗಳು ಬೇಕಾದಷ್ಟಿವೆ, ಆದರೆ ನೀರು ಓಡುವುದು ಬಿರುಕುಗಳಲ್ಲಿ. ಬಿರುಕುಗಳ ನಡುವೆ 1 ಮೀಟರ್ ಅಂತರವಿದ್ದರೆ ಕೆಲವೇ ದಿನಗಳಲ್ಲಿ ಇಡೀ ಕಲ್ಲು ನೀರಿನ ಉಷ್ಣತೆಗೆ ಬರುತ್ತದೆ. ಆಗ ಕಲ್ಲೂ ಬಿಸಿ ಹಂಚಿಕೊಳ್ಳುವುದರಿಂದ ತಂಪು ನಿಧಾನವಾಗಿ ಸಾಗುತ್ತದೆ. ಅಂತರ 10 ಮೀಟರ್ ಆದರೆ ಅದಕ್ಕೇ ವರ್ಷದ ಹತ್ತಿರ ಬೇಕು, ಅಷ್ಟರೊಳಗೆ ತಣ್ಣೀರು ಬಿರುಕಿನ ದಾರಿ ಹಿಡಿದು ಬಾವಿ ಸೇರಿಬಿಡಬಹುದು. ಕಲ್ಲು ಅದೇ, ನೀರು ಅಷ್ಟೇ, ಫಲಿತಾಂಶ ಬೇರೆ! ಪಂಪ್ ಟೆಸ್ಟ್ (ನೀರೆತ್ತುತ್ತಾ ಮಟ್ಟ ಎಷ್ಟು ಇಳಿಯುತ್ತದೆ ಅಂತ ನೋಡುವ ಪರೀಕ್ಷೆ) ಮಾಡಿದ್ದಾರಾ, ಯಾವ ಆಳದಲ್ಲಿ ನೀರು ಒಳಬರುತ್ತದೆ ಅಂತ ಬೋರ್‌ವೆಲ್ ಒಳಗೆ ಅಳೆದಿದ್ದಾರಾ, ಕೇಳಿ. ಅಳೆಯದೆ 25 ವರ್ಷ ಅಂದರೆ ನಾನಂತೂ ಒಪ್ಪುವುದಿಲ್ಲ.

ಎರಡು ಬಾವಿಗಳ ನಡುವಿನ ದೂರವೂ ಮುಖ್ಯ. ಸರಳ ಲೆಕ್ಕದಲ್ಲಿ ದೂರ ಎರಡರಷ್ಟಾದರೆ ಸಮಯ ನಾಲ್ಕರಷ್ಟಾಗುತ್ತದೆ.

ಪ್ರಶ್ನೆ (ಅದೇ ಸದಸ್ಯರು): ಅಕ್ಕಪಕ್ಕದ ಕಟ್ಟಡಗಳಲ್ಲೂ ಇಂಥದ್ದಿದ್ದರೆ?

ಉತ್ತರ: ಅದಕ್ಕೇ ಊರಿನ ಮಟ್ಟದ ಮಾಡೆಲ್ ಬೇಕಾಗುವುದು. ಹರಿಯುವ ದಿಕ್ಕು ಕೂಡ ಅಲ್ಲಿ ಜನರು ಎಷ್ಟು ನೀರು ಎತ್ತುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಕಾರ್ಖಾನೆಗಳು ಎತ್ತಿ ಎತ್ತಿ, 1960ರ ದಶಕದಲ್ಲಿ ಟ್ರಫಾಲ್ಗರ್ ಚೌಕದ ಬಳಿ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಸುಮಾರು 88 ಮೀಟರ್ ಕೆಳಗೆ ಹೋಗಿತ್ತು. ಕಾರ್ಖಾನೆಗಳು ಹೋದ ಮೇಲೆ ಮಟ್ಟ ವರ್ಷಕ್ಕೆ 3 ಮೀಟರ್‌ವರೆಗೂ ಏರಿತು. ಸುರಂಗಗಳಿಗೂ ಅಡಿಪಾಯಗಳಿಗೂ ಅಪಾಯ ಅಂತ ಮತ್ತೆ ನೀರೆತ್ತಲು ಯೋಜನೆ ಹಾಕಬೇಕಾಯಿತು. ಹಾಗಾಗಿ ಈಗಿನ ಹರಿವು ಹೀಗೇ ಇರುತ್ತದೆ ಅಂತ ಹಿಡಿದ ಒಂದೇ ನಕ್ಷೆ ಸಾಲದು. ಪಕ್ಕದವರು ಜಾಸ್ತಿ ಎತ್ತಿದರೆ, ನಿಲ್ಲಿಸಿದರೆ ಏನಾಗುತ್ತದೆ ಅಂತಲೂ ಮಾಡೆಲ್ ಓಡಿಸಿ ತೋರಿಸಲಿ.

ಇನ್ನೊಬ್ಬರ ಪ್ರಶ್ನೆ: ಟ್ಯೂಬ್ ರೈಲಿನ (ಲಂಡನ್‌ನ ಸುರಂಗ ರೈಲು) ಬಿಸಿ ಈ ನೀರಿಗೆ ಇಳಿಯುವುದಿಲ್ವಾ?

ಉತ್ತರ: ತುಂಬಾ ನಿಧಾನ. ಸುರಂಗದ ಸುತ್ತಲಿನ ಜೇಡಿ ಮೊದಲು 14 ಡಿಗ್ರಿ ಇತ್ತು, ಈಗ ಕೆಲವೆಡೆ 19ರಿಂದ 26. ಜೇಡಿಯಲ್ಲಿ ನೀರು ಹರಿಯುವುದಿಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಆ ಬಿಸಿ ಅಲ್ಲೇ ಉಳಿಯುತ್ತದೆ. ಈಗ ಲಂಡನ್‌ನ ಇಸ್ಲಿಂಗ್ಟನ್ ಪ್ರದೇಶದಲ್ಲಿ ಟ್ಯೂಬ್‌ನ ಬಿಸಿಗಾಳಿಯಿಂದಲೇ ಮನೆಗಳನ್ನು ಬೆಚ್ಚಗಿಡುತ್ತಿದ್ದಾರೆ. ಒಳ್ಳೇ ಕೆಲಸ.

ಬೆಂಗಳೂರಿನ ಸದಸ್ಯರು: ನಮ್ಮಲ್ಲೂ ಇದು ಆಗುತ್ತಾ ಮೇಡಂ?

ಉತ್ತರ: ಕಷ್ಟ. ಲಂಡನ್‌ನಲ್ಲಿ ಚಳಿಗಾಲದಲ್ಲಿ ಬಿಸಿ ತೆಗೆದು ಬೇಸಿಗೆಯಲ್ಲಿ ವಾಪಸ್ ಕೊಡುತ್ತಾರೆ, ಸ್ವಲ್ಪವಾದರೂ ಸರಿದೂಗುತ್ತದೆ. ನಮಗೆ ಬೇಕಿರುವುದು ಬರೀ ತಂಪು, ಅಂದರೆ ನೆಲಕ್ಕೆ ಬಿಸಿ ಸೇರುತ್ತಲೇ ಹೋಗುತ್ತದೆ. ಜೊತೆಗೆ ನಮ್ಮ ಗಟ್ಟಿ ಕಲ್ಲಿನಲ್ಲಿ ಬಿರುಕು ಎಲ್ಲಿದೆ ಅನ್ನುವುದು ಒಂದು ಸೈಟಿನಿಂದ ಪಕ್ಕದ ಸೈಟಿಗೇ ಬದಲಾಗುತ್ತದೆ. ನಿಮ್ಮ ಬೋರ್‌ವೆಲ್ ಕೊರೆದಾಗ ಎಷ್ಟನೇ ಅಡಿಯಲ್ಲಿ ನೀರು ಸಿಕ್ಕಿತು ಅನ್ನುವುದು ಗೊತ್ತಿದ್ದರೆ ದಯವಿಟ್ಟು ಬರೆದಿಡಿ, ನಾಳೆ ಊರಿಗೆ ಮಾಡೆಲ್ ಮಾಡುವವರಿಗೆ ಅದು ತುಂಬಾ ಬೇಕಾಗುತ್ತದೆ.