ಒಬ್ಬರೇ ತೋಟಕ್ಕೆ ಹೋಗುವಾಗ ಜೀಪ್ ಹೂತರೆ: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರು, ಜಿಮ್ನಿ ಇದೆ):

ನಮಸ್ಕಾರ ಅಣ್ಣ. ಸಕಲೇಶಪುರದ ಹೆತ್ತೂರು ಕಡೆ ನಮ್ಮದು ನಾಲ್ಕು ಎಕರೆ ಕಾಫಿ ತೋಟ. ಅಪ್ಪ ಹೋದ ಮೇಲೆ ನೋಡಿಕೊಳ್ಳುವವನು ನಾನೊಬ್ಬನೇ. ತಿಂಗಳಿಗೊಂದು ಶನಿವಾರ ಒಬ್ಬನೇ ಹೋಗಿ ಬರುತ್ತೇನೆ. ಟಾರ್ ರಸ್ತೆ ಮುಗಿದ ಮೇಲೆ 3 ಕಿಲೋಮೀಟರ್ ಮಣ್ಣಿನ ದಾರಿ. ಕಳೆದ ಜುಲೈಯಲ್ಲಿ ಒಂದು ತಿರುವಿನಲ್ಲಿ ಹಿಂದಿನ ಎಡಗಡೆ ಚಕ್ರ ಕೊರಕಲಿಗೆ ಇಳಿದು ಗಾಡಿ ಕೂತುಬಿಟ್ಟಿತು. ಫೋರ್ ವೀಲ್ ಹಾಕಿ ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೇ ಹೋಯಿತು. ಫೋನಿಗೆ ಸಿಗ್ನಲ್ ಇಲ್ಲ. ನಾಲ್ಕು ಗಂಟೆ ಕಾದ ಮೇಲೆ ಒಂದು ಟ್ರ್ಯಾಕ್ಟರ್ ಬಂತು, ಚೈನ್ ಕಟ್ಟಿ ಎಳೆದರು. ಆ ಹೆದರಿಕೆಗೆ ಆನ್‌ಲೈನ್‌ನಲ್ಲಿ ರಿಕವರಿ ಕಿಟ್ ತರಿಸಿದೆ. ಒಂದು ಸ್ನ್ಯಾಚ್ ಬೆಲ್ಟ್, ಅದನ್ನು ಗಾಡಿಗೆ ಸಿಕ್ಕಿಸುವ ಎರಡು ಶ್ಯಾಕಲ್ (ಕಬ್ಬಿಣದ ಕೊಂಡಿ), ಒಂದು ಜೊತೆ ಗ್ಲೌಸ್ ಇವೆ. ಇಷ್ಟು ಸಾಕಾ?

ಉತ್ತರ:

ಆ ಚೀಲದಲ್ಲಿ ನೀವು ಒಬ್ಬರೇ ಇದ್ದಾಗ ಕೆಲಸಕ್ಕೆ ಬರುವುದು ಗ್ಲೌಸ್ ಮಾತ್ರ.

ತಮಾಷೆ ಅಲ್ಲ. ಸ್ನ್ಯಾಚ್ ಬೆಲ್ಟ್ ನೈಲಾನಿನದು, ರಬ್ಬರಿನ ಹಾಗೆ ಹಿಗ್ಗುತ್ತೆ. ಮುಂದಿನ ಗಾಡಿ ಸ್ವಲ್ಪ ಓಡಿ ಬಂದು ಅದನ್ನು ಹಿಗ್ಗಿಸಿದಾಗ, ಆ ಸೆಳೆತಕ್ಕೆ ಹೂತ ಗಾಡಿ ಮೇಲೆ ಬರುತ್ತೆ. ಅಂದರೆ ಎರಡನೇ ಗಾಡಿ ಬೇಕಲ್ವಾ? ನಿಮ್ಮ ಹತ್ತಿರ ಇಲ್ಲದ್ದು ಅದೇ. ಅಂಗಡಿಯಲ್ಲಿ ರಿಕವರಿ ಕಿಟ್ ಅಂತ ಮಾರುವುದೆಲ್ಲ ಮೂರ್ನಾಲ್ಕು ಗಾಡಿ ಒಟ್ಟಿಗೆ ಹೋಗುವವರಿಗೆ. ಬಿಸಾಡಬೇಡಿ, ಯಾರಾದರೂ ಬಂದರೆ ಉಪಯೋಗಕ್ಕೆ ಬರುತ್ತೆ.

ಒಬ್ಬರೇ ಹೋಗುವವರಿಗೆ ನಾನು ಹೇಳುವ ಮೊದಲ ಸಾಮಾನು ಸಲಿಕೆ. ಉದ್ದ ಹಿಡಿಯದ್ದು, ಮಡಚುವ ಆಟಿಕೆ ಬೇಡ. ಗಾಡಿಯ ಅಡಿಗೆ ಕೈ ಹೋಗಬೇಕು. ಎರಡನೆಯದು ಟೈರಿನ ಗಾಳಿ ನೋಡುವ ಗೇಜ್, ಜೊತೆಗೆ ಬ್ಯಾಟರಿಗೇ ಕ್ಲಿಪ್ ಹಾಕುವ ಪಂಪ್. ಲೈಟರ್ ಸಾಕೆಟ್‌ಗೆ ಚುಚ್ಚುವ ಚಿಕ್ಕ ಪಂಪ್ ನಾಲ್ಕು ಟೈರ್ ಮುಗಿಸುವ ಮೊದಲೇ ಕಾದು ಕೂರುತ್ತೆ. ಮೂರನೆಯದು ಒಂದು ಜೊತೆ ಟ್ರ್ಯಾಕ್ಷನ್ ಬೋರ್ಡ್, ಚಕ್ರದ ಅಡಿಗೆ ಕೊಡುವ ಹಲ್ಲಿನ ಪ್ಲಾಸ್ಟಿಕ್ ಹಲಗೆ. ಆಮೇಲೆ ಒಂದೂವರೆ ಅಡಿ ಚೌಕದ ದಪ್ಪ ಮರದ ಹಲಗೆ. ಅದಿಲ್ಲದೆ ಕೆಸರಲ್ಲಿ ಜಾಕ್ ಇಟ್ಟರೆ ಗಾಡಿ ಏಳಲ್ಲ, ಜಾಕ್ ಇಳಿಯುತ್ತೆ. ಒಂದು ಕತ್ತಿ, ಎರಡು ಗೋಣಿಚೀಲ, ತಲೆಗೆ ಕಟ್ಟುವ ಟಾರ್ಚ್.

ಈಗ ಜುಲೈ ಕಥೆಗೆ ಬರೋಣ. ಎಂಜಿನ್ ಶಕ್ತಿಯನ್ನು ಎಡ ಬಲ ಚಕ್ರಕ್ಕೆ ಹಂಚುವ ಗೇರೇ ಡಿಫರೆನ್ಷಿಯಲ್. ಮಾಮೂಲಿ ಡಿಫರೆನ್ಷಿಯಲ್ ಯಾವ ಚಕ್ರಕ್ಕೆ ಹಿಡಿತ ಇಲ್ಲವೋ ಅದನ್ನೇ ಸುತ್ತಿಸುತ್ತೆ. ಜಿಮ್ನಿಯಲ್ಲಿ ಬ್ರೇಕ್ ಎಲ್‌ಎಸ್‌ಡಿ ಇದೆ. ಸುಮ್ನೆ ಸುತ್ತುವ ಚಕ್ರಕ್ಕೆ ತಾನೇ ಬ್ರೇಕ್ ಹಿಡಿದು ಆ ಕಡೆಯ ಚಕ್ರಕ್ಕೆ ಶಕ್ತಿ ಕಳಿಸುತ್ತೆ. ಅದಕ್ಕೆ ಫೋರ್ ಲೋ, ಅಂದರೆ ಫೋರ್ ವೀಲಿನ ನಿಧಾನದ ಗೇರ್ ಹಾಕಿ ಒಂದೇ ಸಮನೆ ಹಗುರಾಗಿ ಒತ್ತಬೇಕು. ನೀವು ಹೆದರಿಕೆಯಲ್ಲಿ ಪೂರ್ತಿ ಒತ್ತಿದಿರಿ, ಚಕ್ರ ಗುಂಡಿ ತೋಡಿತು. ಎರಡು ಮೂರು ಸೆಕೆಂಡಿನಲ್ಲಿ ಗಾಡಿ ಜರುಗದಿದ್ದರೆ ಕಾಲು ತೆಗೆಯಿರಿ. ಗಾಡಿಯ ಹೊಟ್ಟೆ ಮಣ್ಣಿಗೆ ಕೂತ ಮೇಲೆ ಚಕ್ರಕ್ಕೆ ಭಾರವೇ ಇರಲ್ಲ. ಭಾರ ಇಲ್ಲದ ಚಕ್ರ ಫೋರ್ ವೀಲ್ ಆದರೇನು, ಸಿಕ್ಸ್ ವೀಲ್ ಆದರೇನು.

ಇಳಿದು ಒಂದು ಸುತ್ತು ಬನ್ನಿ. ಮೊದಲು ಯೋಚಿಸಬೇಕಾದ್ದು ಹಿಂದಕ್ಕೆ. ಬಂದ ದಾರಿ ಗಾಡಿ ಹೊತ್ತಿದೆ ಅಂತ ಗೊತ್ತಿದೆ, ಮುಂದಿನದು ಗೊತ್ತಿಲ್ಲ. ನಾಲ್ಕೂ ಟೈರ್ 18 ಪಿಎಸ್‌ಐಗೆ ಇಳಿಸಿ. ಟೈರ್ ಚಪ್ಪಟೆಯಾಗಿ ಉದ್ದಕ್ಕೆ ನೆಲ ಹಿಡಿಯುತ್ತೆ. 15ಕ್ಕಿಂತ ಕೆಳಗೆ ಬೇಡ, ತಿರುಗಿಸುವಾಗ ರಿಮ್ಮಿನಿಂದ ಟೈರ್ ಕಳಚಬಹುದು. ಹತ್ತರಲ್ಲಿ ಐದು ಗಾಡಿ ಇಷ್ಟಕ್ಕೇ ಬರುತ್ತವೆ ಅಂತ ನನ್ನ ಅಂದಾಜು. ಬರಲಿಲ್ಲವಾ, ಅಡಿಯಲ್ಲಿ ಡಿಫರೆನ್ಷಿಯಲ್ ಇರುವ ಉಬ್ಬಿನ ಸುತ್ತ ಮಣ್ಣು ತೆಗೆಯಿರಿ. ಆಮೇಲೆ ನೀವು ಹೋಗುವ ದಿಕ್ಕಿಗೆ ಚಕ್ರದ ಮುಂದೆ ಮೆಟ್ಟಿಲ ಹಾಗಲ್ಲ, ಇಳಿಜಾರಾಗಿ ಕೆತ್ತಿ. ಬೋರ್ಡನ್ನು ಚಕ್ರಕ್ಕೆ ಒತ್ತಿ ಕೊಡಿ. ಬೋರ್ಡಿಗೆ ಒಂದು ತುಂಡು ಬಣ್ಣದ ಹಗ್ಗ ಕಟ್ಟಿರಿ. ಗಾಡಿ ದಾಟಿದ ಮೇಲೆ ಅದು ಕೆಸರಿನೊಳಗೆ ಎಲ್ಲಿ ಹೋಯಿತು ಅಂತ ಹುಡುಕುವುದೇ ದೊಡ್ಡ ಕೆಲಸ. ಬೋರ್ಡ್ ಇಲ್ಲದವರು ಗೋಣಿಚೀಲ, ಕಲ್ಲು, ಕಡಿದ ಕೊಂಬೆ ಹಾಕಬಹುದು. ಫ್ಲೋರ್ ಮ್ಯಾಟ್ ಹಾಕಬೇಡಿ, ಬಾಣದ ಹಾಗೆ ಹಾರುತ್ತೆ.

ಎಷ್ಟು ಹೊತ್ತು? ಒಬ್ಬರೇ ಆದರೆ ಒಂದು ಗಂಟೆ ಖಂಡಿತ. ಅವಸರ ಮಾಡಿದರೆ ಎರಡು.

ಇನ್ನೊಂದು. ಎಕ್ಸಾಸ್ಟ್ ಪೈಪ್ ಕೆಸರಿನಲ್ಲಿ ಮುಚ್ಚಿದ್ದರೆ ಎಸಿಗೆ ಅಂತ ಎಂಜಿನ್ ಓಡಿಸಿಕೊಂಡು ಕಿಟಕಿ ಹಾಕಿ ಕೂರಬೇಡಿ. ಹೊಗೆ ಒಳಗೆ ಬರುತ್ತೆ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಮತ್ತೆ, ಜಾಕ್ ಮೇಲಿರುವ ಗಾಡಿಯ ಅಡಿಗೆ ತಲೆ ಹಾಕಬೇಡಿ. ಜೊತೆಗೆ ಯಾರೂ ಇಲ್ಲ ಅನ್ನುವುದು ಆಗ ನೆನಪಿರಲಿ.

ಅದೇ ಸದಸ್ಯರು:

ತುಂಬಾ ಥ್ಯಾಂಕ್ಸ್ ಅಣ್ಣ. ಆ ಟ್ರ್ಯಾಕ್ಟರ್‌ನವರು ಚೈನನ್ನು ಮುಂದಿನ ಆಕ್ಸಲ್‌ಗೆ ಸುತ್ತಿ ಎಳೆದರು. ಏನೂ ಆಗಲಿಲ್ಲ. ಅದು ಸರಿನಾ?

ಉತ್ತರ:

ಏನೂ ಆಗಲಿಲ್ಲ ಅನ್ನುವುದು ನಿಮ್ಮ ಅದೃಷ್ಟ. ಆಕ್ಸಲ್‌ಗೆ ಸುತ್ತಿದರೆ ಬ್ರೇಕ್ ಪೈಪ್ ಜಜ್ಜಿಹೋಗಬಹುದು, ಸ್ಟೇರಿಂಗ್ ರಾಡ್ ಬಗ್ಗಬಹುದು. ಒಂದು ಸಲ ಗಾಡಿ ಎತ್ತಿಸಿ ನೋಡಿಸಿ. ಕಟ್ಟಬೇಕಾದ್ದು ಚಾಸಿಗೆ ಬೋಲ್ಟ್ ಮಾಡಿದ ಹುಕ್ಕಿಗೆ. ಟ್ರೈಲರ್ ಎಳೆಯುವ ಉಂಡೆ ಇರುತ್ತಲ್ಲ, ಅದಕ್ಕೆ ಯಾವತ್ತೂ ಕಟ್ಟಬೇಡಿ. ಕಿತ್ತು ಗುಂಡಿನ ಹಾಗೆ ಬರುತ್ತೆ, ಹೊರದೇಶಗಳಲ್ಲಿ ಅದು ಬಡಿದು ಜನ ಸತ್ತಿದ್ದಾರೆ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಕೆಲಸ ಕಲಿಯುವಾಗ ನಾವು ಒಂದು ಜೀಪನ್ನು ಕಬ್ಬಿಣದ ರೋಪ್‌ನಲ್ಲಿ ಎಳೆಯುತ್ತಿದ್ದೆವು. ಟಕ್ ಅಂತ ಒಂದು ಶಬ್ದ ಅಷ್ಟೇ. ರೋಪ್ ಕಡಿದು ಹುಕ್ಕು ಎಳೆಯುತ್ತಿದ್ದ ಗಾಡಿಯ ಹಿಂದಿನ ಗಾಜು ಒಡೆದು ಒಳಗೆ ಬಂತು. ಡ್ರೈವರ್ ಸೀಟಿನ ಪಕ್ಕದ ಸೀಟಿನಲ್ಲಿ, ತಲೆ ಇಡುವ ಜಾಗದಲ್ಲಿ, ಸ್ಪಂಜು ಹರಿದು ಕಚ್ಚಿಕೊಂಡು ನಿಂತಿತ್ತು. ಹತ್ತು ನಿಮಿಷದ ಹಿಂದೆ ಅಲ್ಲಿ ನಾನು ಕೂತಿದ್ದೆ. ದಾರಿ ತೋರಿಸಲು ಇಳಿದಿದ್ದೆ.

ಹಾಗಾಗಿ ಟ್ರ್ಯಾಕ್ಟರ್ ಬಂದರೆ ನಿಧಾನವಾಗಿ ಎಳೆಯಲು ಹೇಳಿ, ಜರ್ಕ್ ಬೇಡ. ಚೈನಿನಲ್ಲಂತೂ ಜರ್ಕ್ ಬೇಡವೇ ಬೇಡ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿ. ಕಡಿದರೆ ಅದರ ಭಾರಕ್ಕೆ ಹಗ್ಗ ನೆಲಕ್ಕೆ ಬೀಳುತ್ತೆ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರಕ್ಕೆ ಯಾರೂ ಇರಬಾರದು. ನೋಡಲು ಬರುವ ಮಕ್ಕಳನ್ನು ಮೊದಲು ಓಡಿಸಿ.

ಇನ್ನೊಬ್ಬ ಸದಸ್ಯರು (ಮಡಿಕೇರಿ, ಥಾರ್ ಇದೆ):

ಸರ್, ನಾನೂ ಒಬ್ಬಳೇ ಓಡಾಡುವವಳು. ಇಷ್ಟೆಲ್ಲ ಅಗೆಯುವ ಬದಲು, ಮೋಟಾರಿನಲ್ಲಿ ಡ್ರಮ್ಮಿಗೆ ಹಗ್ಗ ಸುತ್ತಿ ಗಾಡಿ ಎಳೆಯುವ ವಿಂಚ್ ಹಾಕಿಸಿದರೆ ಆಯ್ತಲ್ವಾ? ನಾನು ಕೇಳಿದ ಅಂಗಡಿಯವರು ಹಾಕಿಸಿ ಅಂತಲೇ ಹೇಳುತ್ತಾರೆ.

ಉತ್ತರ:

ಅಂಗಡಿಯವರು ಹೇಳದೆ ಇರುತ್ತಾರಾ ಮೇಡಂ. ವಿಂಚ್ ಒಳ್ಳೆಯದೇ. ಒಬ್ಬರೇ ಇದ್ದಾಗ ಅದಕ್ಕಿಂತ ಬಲವಾದ ಸಾಮಾನಿಲ್ಲ. ಆದರೆ ಅದು ಇರುವುದು ಮುಂದೆ. ಎಳೆಯುವುದೂ ಮುಂದಕ್ಕೆ. ಒಬ್ಬರೇ ಇದ್ದಾಗ ನಿಮಗೆ ಹೋಗಬೇಕಾದ್ದು ಹೆಚ್ಚಿನ ಸಲ ಹಿಂದಕ್ಕೆ. ಮುಂದಕ್ಕೆ ಎಳೆಸಿಕೊಂಡು ಇನ್ನೂ ಕೆಟ್ಟ ಜಾಗದಲ್ಲಿ ಕೂತವರ ಗಾಡಿ ತರಲು ನಾನು ಹೋಗಿದ್ದೇನೆ. ಆಮೇಲೆ ವಿಂಚಿನ ಭಾರ, ಅದಕ್ಕೆ ತಕ್ಕ ಬಂಪರ್, ಬ್ಯಾಟರಿ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಿದರೆ ಆರ್‌ಟಿಒ ತೊಂದರೆ ಬೇರೆ. ಅವುಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರದ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಹೇಳಿದೆ.

ಹಾಕಿಸಿಯೇ ಹಾಕಿಸುತ್ತೀರಿ ಅಂದರೆ, ಗಾಡಿ ಮತ್ತು ಸಾಮಾನಿನ ಒಟ್ಟು ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದು. ಜಿಮ್ನಿಗೆ ತುಂಬಿದ ತೂಕ ಸುಮಾರು 1,550 ಕೆಜಿ, ಅಂದರೆ ಕಡಿಮೆ ಅಂದರೂ 2,300 ಕೆಜಿ ಎಳೆತ ಬೇಕು. ಥಾರ್ ಅದಕ್ಕಿಂತ ಭಾರ, ನಿಮ್ಮದಕ್ಕೆ ಇನ್ನೂ ದೊಡ್ಡದು. ಡಬ್ಬದ ಮೇಲೆ ಬರೆದ ಎಳೆತ ಡ್ರಮ್ಮಿನ ಮೊದಲ ಸುತ್ತಿನದು, ಮೇಲಿನ ಸುತ್ತುಗಳಲ್ಲಿ ಅಷ್ಟು ಬರಲ್ಲ. ಹಗ್ಗ ಪೂರ್ತಿ ಬಿಚ್ಚಬೇಡಿ, ಸಿಂಥೆಟಿಕ್ ಆದರೆ ಹತ್ತು ಸುತ್ತು ಡ್ರಮ್ಮಿನಲ್ಲೇ ಇರಲಿ. ಒಂದು ರಾಟೆ ಇಟ್ಟುಕೊಂಡರೆ ಎಳೆತ ಹೆಚ್ಚುಕಮ್ಮಿ ಎರಡು ಪಟ್ಟು, ವೇಗ ಅರ್ಧ. ಎಂಜಿನ್ ಓಡುತ್ತಿರಲಿ. ಇಲ್ಲದಿದ್ದರೆ ಗಾಡಿ ಮೇಲೆ ಬರುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತೆ.

ನನ್ನನ್ನು ಕೇಳಿದರೆ, ಕೈಯಲ್ಲಿ ಎಳೆಯುವ ಪುಲ್ಲಿಂಗ್ ಮಷಿನ್ ತಗೊಳ್ಳಿ. ಮರದ ದಿಮ್ಮಿ ಎಳೆಯುವವರ ಹತ್ತಿರ ನೋಡಿರಬಹುದು. ಉದ್ದ ಹಿಡಿ ಹಿಂದೆ ಮುಂದೆ ಆಡಿಸಿದರೆ ರೋಪ್ ಬೆರಳಗಲ ಬೆರಳಗಲ ಬರುತ್ತೆ. ಗಾಡಿಗೆ ಮುಂದೂ ಕಟ್ಟಬಹುದು, ಹಿಂದೂ ಕಟ್ಟಬಹುದು, ಪಕ್ಕಕ್ಕೂ. ಬ್ಯಾಟರಿ ಬೇಡ. ಮೂರು ಟನ್ನಿನದು ಭಾರ ಜಾಸ್ತಿ, ಒಂದೂವರೆ ಟನ್ನಿನದಕ್ಕೆ ರಾಟೆ ಸೇರಿಸಿ. ಮಿತಿ ಮೀರಿ ಎಳೆದರೆ ಹಿಡಿಯೊಳಗಿನ ಚಿಕ್ಕ ಪಿನ್ ಮೊದಲು ಮುರಿಯುತ್ತೆ. ಅದನ್ನು ಮುರಿಯಲೆಂದೇ ಇಟ್ಟಿರುವುದು. ಬೇರೆ ನಾಲ್ಕು ಪಿನ್ ಜೊತೆಗಿರಲಿ, ಅದರ ಬದಲು ಮೊಳೆ ತುರುಕಬೇಡಿ. ಬೆವರು ಇಳಿಯುತ್ತೆ, ಗಾಡಿ ಬರುತ್ತೆ.

ಕಟ್ಟುವುದು ಯಾವ ಮರಕ್ಕೆ? ದಪ್ಪ ಹಲಸು, ಮಾವು ಇದ್ದರೆ ಪುಣ್ಯ. ಬುಡದ ಹತ್ತಿರ, ಅಗಲ ಬೆಲ್ಟ್ ಸುತ್ತಿ. ಸಣ್ಣ ಸಿಲ್ವರ್ ಓಕ್ ನಂಬಬೇಡಿ. ಅದೂ ಮೆಣಸಿನ ಬಳ್ಳಿ ಹಬ್ಬಿಸಿದ ಮರಕ್ಕೆ ಬೆಲ್ಟ್ ಸುತ್ತಿದರೆ ಗಾಡಿ ಬಿಟ್ಟರೂ ತೋಟದವರು ನಿಮ್ಮನ್ನು ಬಿಡಲ್ಲ. ಮರವೇ ಇಲ್ಲದ ಕಡೆ ಸ್ಟೆಪ್ನಿಯನ್ನು ಮೂರು ಅಡಿ ಗುಂಡಿಯಲ್ಲಿ ನೆಟ್ಟಗೆ ಹೂತು ಅದಕ್ಕೆ ಕಟ್ಟುತ್ತಾರೆ. ಆಗುತ್ತೆ, ಆದರೆ ಮಳೆಯಲ್ಲಿ ಆ ಗುಂಡಿ ತೋಡುವಾಗ ನಿಮಗೆ ಗಾಡಿಯೇ ಬೇಡ ಅನ್ನಿಸಿರುತ್ತೆ.

ಹಿರಿಯ ಸದಸ್ಯರೊಬ್ಬರು (ಮೂಡಿಗೆರೆ):

ನಾವೆಲ್ಲ ಹಳೇ ಜೀಪಿನ ಟೈರಿಗೆ ಚೈನ್ ಕಟ್ಟಿಕೊಂಡು ಇಡೀ ಮಳೆಗಾಲ ಓಡಿಸಿದವರು. ಬೋರ್ಡೂ ಇರಲಿಲ್ಲ, ವಿಂಚೂ ಇರಲಿಲ್ಲ. ಈಗಿನವರಿಗೆ ಸಾಮಾನು ಜಾಸ್ತಿ, ಓಡಿಸುವುದು ಕಮ್ಮಿ.

ಉತ್ತರ:

ಒಪ್ಪಿದೆ ಸರ್. ಜಾರುವ ಜೇಡಿಮಣ್ಣಿಗೆ ಚೈನಿನಷ್ಟು ಒಳ್ಳೆಯದು ಇವತ್ತಿಗೂ ಇಲ್ಲ. ನಾಲ್ಕು ಚಕ್ರಕ್ಕೆ ಬೇಡ, ಎರಡಕ್ಕೆ ಸಾಕು. ಹೂತ ಮೇಲೆ ಕಟ್ಟುವುದು ನರಕ, ಟಾರ್ ಮುಗಿಯುವಲ್ಲೇ ಕಟ್ಟಿ. ಹೊಸ ಗಾಡಿಯವರು ಚಕ್ರದ ಒಳಗಡೆ ಬ್ರೇಕ್ ಪೈಪಿಗೆ, ಎಬಿಎಸ್ ವೈರಿಗೆ ಚೈನ್ ತಾಗುತ್ತಾ ಅಂತ ಕೈಯಲ್ಲಿ ಚಕ್ರ ತಿರುಗಿಸಿ ನೋಡಿಕೊಳ್ಳಬೇಕು. ಆದರೆ ಒಂದು ಮಾತು ಸರ್. ಆಗ ನಿಮ್ಮ ಜೀಪಿನ ಹಿಂದೆ ಆರು ಜನ ನಿಂತಿರುತ್ತಿದ್ದರು. ಹೂತರೆ ಇಳಿದು ತಳ್ಳುತ್ತಿದ್ದರು. ಈ ಹುಡುಗ ಒಬ್ಬನೇ.

ಇನ್ನೊಬ್ಬ ಸದಸ್ಯರು (ಮೈಸೂರು):

ಸಿಗ್ನಲ್ ಇಲ್ಲದ ಕಡೆ ಏನು ಮಾಡಬೇಕು? ಅಮೆರಿಕದಲ್ಲಿರುವ ನನ್ನ ತಮ್ಮ ಸ್ಯಾಟಲೈಟ್‌ನಲ್ಲಿ ಮೆಸೇಜ್ ಕಳಿಸುವ ಗಾರ್ಮಿನ್ ಇನ್‌ರೀಚ್ ತಂದುಕೊಡುತ್ತೇನೆ ಅನ್ನುತ್ತಿದ್ದಾನೆ.

ಉತ್ತರ:

ಬೇಡ ಅನ್ನಿ. ಅಲ್ಲಿ ಅದು ಮಾಮೂಲಿ ಸಾಮಾನು. ಇಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಗೊತ್ತಿಲ್ಲದೆ ತಂದ ವಿದೇಶಿಯರನ್ನು ನಮ್ಮ ಏರ್‌ಪೋರ್ಟ್‌ಗಳಲ್ಲಿ ಹಿಡಿದಿದ್ದಾರೆ.

ಅದರ ಬದಲು ಒಂದು ಮನುಷ್ಯನನ್ನು ಇಟ್ಟುಕೊಳ್ಳಿ. ಕೊನೆಯ ಸಿಗ್ನಲ್ ಇರುವ ಜಾಗದಲ್ಲಿ ಗಾಡಿ ನಿಲ್ಲಿಸಿ ಅವರಿಗೆ ಕಳಿಸಿ: ಇಂಥ ದಾರಿಯಲ್ಲಿ ಹೋಗುತ್ತಿದ್ದೇನೆ, 5 ಗಂಟೆಗೆ ಫೋನ್ ಮಾಡುತ್ತೇನೆ, 6 ಗಂಟೆಗೂ ಮಾಡದಿದ್ದರೆ ಇಂಥವರಿಗೆ ಹೇಳಿ. ಆ 'ಇಂಥವರು' ಬೆಂಗಳೂರಿನಲ್ಲಿದ್ದರೆ ಆಗಲ್ಲ. ದಾರಿ ಗೊತ್ತಿರುವ, ಜೀಪೋ ಟ್ರ್ಯಾಕ್ಟರೋ ಇರುವ ಊರಿನವರಾಗಬೇಕು. ಆ ಟ್ರ್ಯಾಕ್ಟರ್‌ನವರ ನಂಬರ್ ತಗೊಂಡಿರಾ? ತಗೊಂಡಿಲ್ಲದಿದ್ದರೆ ಮುಂದಿನ ಸಲ ಒಂದು ಕೆಜಿ ಸ್ವೀಟ್ ಒಯ್ದು ತಗೊಳ್ಳಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿ ನೋಡಿ, ಬೇರೆ ಕಂಪನಿಯ ಟವರ್ ಸಿಕ್ಕಿದರೆ ಅದರಲ್ಲೇ ಹೋಗುತ್ತೆ.

ಕತ್ತಲಾದರೆ ಗಾಡಿ ಬಿಟ್ಟು ನಡೆಯಬೇಡಿ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಆನೆ ತೋಟದೊಳಗೇ ಓಡಾಡುತ್ತವೆ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಕಳಿಸುವ ವಾಟ್ಸಾಪ್ ಮೆಸೇಜ್ ಬರುವ ಹಾಗೆ ಮಾಡಿಕೊಂಡಿರಿ. ಗಾಡಿಯಲ್ಲಿ ನೀರು, ಒಣ ಬಟ್ಟೆ, ಒಂದು ಕಂಬಳಿ, ಚಕ್ಕುಲಿಯೋ ಖರ್ಜೂರವೋ. ಇಂಬಳಕ್ಕೆ ಉಪ್ಪು. ಒಂದು ರಾತ್ರಿ ಕೂತರೆ ಏನೂ ಆಗಲ್ಲ.

ಹಳ್ಳ ಇದ್ದರೆ ಒಂದೇ ಲೆಕ್ಕ. ನಡೆದು ದಾಟಲು ಧೈರ್ಯ ಇಲ್ಲದ ನೀರಿಗೆ ಗಾಡಿ ಇಳಿಸಬೇಡಿ. ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಗಾಡಿಯನ್ನು ತೇಲಿಸಬಲ್ಲದು. ಬೆಳಗ್ಗೆ ಮೊಣಕಾಲಿಗೂ ಬಾರದ ಹಳ್ಳ, ಗುಡ್ಡದ ಮೇಲೆ ಮಳೆ ಹೊಡೆದರೆ ಸಂಜೆಗೆ ಬೇರೆಯೇ ಆಗಿರುತ್ತೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ.

ಮೊದಲ ಪ್ರಶ್ನೆ ಕೇಳಿದವರು:

ಅಣ್ಣ, ಸಲಿಕೆ, ಬೋರ್ಡ್, ಪಂಪ್ ತಂದೆ. ಎಲ್ಲ ಡಿಕ್ಕಿಯಲ್ಲಿ ನೀಟಾಗಿ ಜೋಡಿಸಿದ್ದೇನೆ. ಟ್ರ್ಯಾಕ್ಟರ್ ಅಣ್ಣನ ನಂಬರೂ ಸಿಕ್ಕಿತು, ಅವರ ಮಗ ಕೊಟ್ಟ. ಇನ್ನೇನಾದರೂ ಬಿಟ್ಟಿದ್ದೀನಾ?

ಉತ್ತರ:

ಸಾಮಾನನ್ನು ಬೆಲ್ಟ್ ಹಾಕಿ ಬಿಗಿಯಿರಿ, ಗಾಡಿ ವಾಲಿದರೆ ಶ್ಯಾಕಲ್ ಬಂದು ತಲೆಗೇ ಹೊಡೆಯುತ್ತೆ. ಮತ್ತೆ ಸಲಿಕೆಯನ್ನು ಡಿಕ್ಕಿಯಿಂದ ತೆಗೆದು ಪಕ್ಕದ ಸೀಟಿನ ಕೆಳಗೆ ಹಾಕಿ. ನಿಮ್ಮ ಗಾಡಿಯ ಹಿಂದಿನ ಬಾಗಿಲು ಪಕ್ಕಕ್ಕೆ ತೆರೆಯುವಂಥದ್ದು. ಹಿಂಭಾಗ ದಿಣ್ಣೆಗೆ ಒತ್ತಿ ಕೂತರೆ ಅದು ತೆರೆಯಲ್ಲ.