‘ಔಟ್‌ಡೋರ್ ರಿಲೀಫ್’ ಅಂದರೆ ಮನೆಯೊಳಗಿನ ನೆರವು! ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಐರಿಷ್ ಫ್ರೀ ಸ್ಟೇಟಿನ (1922ರಲ್ಲಿ ಸ್ವಂತ ಸರ್ಕಾರ ಪಡೆದ ಐರ್ಲೆಂಡಿನ) ಮೊದಲ ವರ್ಷಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಔಟ್‌ಡೋರ್ ರಿಲೀಫ್’ ಬಂದ ಕಡೆ ಗಾಡಿ ನಿಂತಿದೆ. ಮೊದಲು ‘ಹೊರಾಂಗಣ ಪರಿಹಾರ’ ಎಂದು ಬರೆದೆ. ಓದಿದ ತಂಗಿ, “ಆಟದ ಮೈದಾನಕ್ಕೆ ನೆರೆ ನುಗ್ಗಿತ್ತಾ?” ಅಂದಳು. ಅವಳದೇನೂ ತಪ್ಪಿಲ್ಲ.

ಇಲ್ಲಿ ‘ಹೊರಗೆ’ ಅಂದರೆ, ಗತಿಯಿಲ್ಲದವರನ್ನು ಇರಿಸಿ ಕೆಲಸ ಮಾಡಿಸುತ್ತಿದ್ದ ವರ್ಕ್‌ಹೌಸಿನ ಹೊರಗೆ. ಬ್ರಿಟಿಷರು 1838ರಲ್ಲಿ ಐರ್ಲೆಂಡಿಗೆ ತಂದ ಬಡವರ ಕಾನೂನಿನಲ್ಲಿ, ನೆರವು ಬೇಕಾದವರು ಆ ಕಟ್ಟಡದೊಳಗೇ ಹೋಗಿ ಇರಬೇಕಿತ್ತು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. 1847ರಲ್ಲಿ, ಘೋರ ಬರದ ನಡುವೆ, ಒಳಗೆ ಸೇರದ ಕೆಲವರಿಗೂ ಕೊಡಬಹುದು ಎಂದಾಯಿತು. ಅದೇ ಔಟ್‌ಡೋರ್ ರಿಲೀಫ್. ಬಡವ ತನ್ನ ಮನೆಯೊಳಗೇ ಇದ್ದಾನೆ, ಆದರೆ ಸರ್ಕಾರದ ಲೆಕ್ಕದಲ್ಲಿ ‘ಹೊರಗಿನವನು’!

1922ರಲ್ಲಿ ಸ್ವಂತ ಸರ್ಕಾರ ಬಂತು. ವರ್ಕ್‌ಹೌಸ್ ಎಂದರೆ ಜನಕ್ಕೆ ಹೇಸಿಗೆ. 1923ರ ಕಾನೂನಿನಿಂದ ಇದೇ ನೆರವಿನ ಹೆಸರು ‘ಹೋಂ ಅಸಿಸ್ಟೆನ್ಸ್’ ಆಯಿತು. ಹಲವು ವರ್ಕ್‌ಹೌಸುಗಳು ‘ಕೌಂಟಿ ಹೋಂ’ (ಜಿಲ್ಲೆಯ ಆಶ್ರಯಧಾಮ) ಆದವು. ಖರ್ಚು ಮಾತ್ರ ಹಿಂದಿನಂತೆ ಸ್ಥಳೀಯ ತೆರಿಗೆಯ ತಲೆಮೇಲೆ.

ಹಾಗಾಗಿ ಅನುವಾದದಲ್ಲೂ ‘ಹೊರ’ ಹೋಗಿ ‘ಮನೆ’ ಬಂದದ್ದು ಕಾಣಬೇಕು. ಇಡೀ ಕಥೆ ಆ ಎರಡು ಪದಗಳಲ್ಲೇ ಇದೆ. ‘ಹೊರನೆರವು’ ಹೇಗೋ ನಡೆಯುತ್ತೆ. ಆದರೆ ‘ಮನೆ ನೆರವು’ ಅಂದರೆ ನಮ್ಮವರಿಗೆ ಮನೆ ಕಟ್ಟಲು ಕೊಡುವ ದುಡ್ಡು ಅಲ್ವಾ? ‘ಮನೆಬಾಗಿಲ ನೆರವು’ ಅಂದರೆ ಅಧಿಕಾರಿಯೇ ಬಂದು ಕೈಗಿಟ್ಟು ಹೋದಂತೆ.

ಇನ್ನೊಂದು ಸಣ್ಣ ತೊಡಕು. 1924ರಲ್ಲಿ ಹಣಕಾಸು ಮಂತ್ರಿ ಅರ್ನೆಸ್ಟ್ ಬ್ಲೈತ್, ಮುದುಕರ 10 ಶಿಲಿಂಗ್ ಪಿಂಚಣಿಯಲ್ಲಿ 1 ಶಿಲಿಂಗ್ ಕಡಿದರು. 1928ರಲ್ಲಿ ವಾಪಸ್ ಬಂತು, ಬೈಗುಳ ಮಾತ್ರ ಉಳಿಯಿತು. ಇದಕ್ಕೆ ‘ಮಾಸಾಶನ’ ಬರೆಯುವ ಆಸೆ ಇತ್ತು, ಒಳ್ಳೆ ಪದ. ಆದರೆ ಅದು ವಾರಕ್ಕೊಮ್ಮೆ ಕೊಡುತ್ತಿದ್ದ ದುಡ್ಡು. ‘ವಾರಾಶನ’ ಅಂದರೆ ವಾರಾನ್ನದ ಹುಡುಗರು ನೆನಪಾಗುತ್ತಾರೆ. ಸುಮ್ನೆ ‘ಪಿಂಚಣಿ’ ಅಂತಲೇ ಬಿಟ್ಟಿದ್ದೇನೆ.

ಒಟ್ಟಿನಲ್ಲಿ ‘ಹೋಂ ಅಸಿಸ್ಟೆನ್ಸ್’ಗೆ ಹುಡುಕುವ ಪದದಲ್ಲಿ ‘ಮನೆ’ ಇರಬೇಕು, ಮನೆ ಕಟ್ಟುವ ಅರ್ಥ ಬರಬಾರದು. ನಿಮ್ಮ ಕಡೆ ಇಂಥದ್ದಕ್ಕೆ ಹೊಂದುವ ಮಾತು ಏನಾದರೂ ಇದೆಯಾ?