ಪಟಾಕಿಗೆ ಬೆದರುವ ಕೆಂಚಿಯನ್ನು ಹಬ್ಬದ ಸಂಜೆ ಒಂಟಿಯಾಗಿ ಬಿಡಬಹುದೇ?

ಪ್ರಶ್ನೆ: ನರ್ಸ್, ಕುವೆಂಪುನಗರ, ಮೈಸೂರು

ನಮ್ಮ ಮನೆಯಲ್ಲಿ ಕೆಂಚಿ ಎಂಬ ನಾಟಿ ತಳಿಯ ಹೆಣ್ಣುನಾಯಿ ಇದೆ. ಗುಡುಗು, ಕುಕ್ಕರ್ ಸೀಟಿ ಯಾವುದಕ್ಕೂ ಅಂಜುವವಳಲ್ಲ. ಪಟಾಕಿ ಎಂದರೆ ಮಾತ್ರ ಕೈಕಾಲು ನಡುಗಿಹೋಗುತ್ತದೆ. ಕಳೆದ ದೀಪಾವಳಿಯಲ್ಲಿ ಪಕ್ಕದ ರಸ್ತೆಯಲ್ಲಿ ಸರಪಟಾಕಿ ಹಚ್ಚಿದಾಗ ಬಚ್ಚಲಿನ ಬಾಗಿಲನ್ನು ಕೆರೆದು ಕೆರೆದು ಉಗುರಿನಲ್ಲಿ ರಕ್ತ ಬಂದಿತ್ತು. ಈಗೀಗ ನಾನು ಸ್ಕೂಟರಿನ ಕೀ ಎತ್ತಿಕೊಂಡರೂ ಸಾಕು, ತುಟಿ ನೆಕ್ಕುತ್ತಾಳೆ, ಮೇಲಿಂದ ಮೇಲೆ ಆಕಳಿಸುತ್ತಾಳೆ, ಬಾಗಿಲಿಗೆ ಅಡ್ಡ ಬಂದು ನಿಲ್ಲುತ್ತಾಳೆ.

ಈ ಸಲ ಅಮಾವಾಸ್ಯೆಯ ದಿನ ನನಗೆ ರಾತ್ರಿ ಪಾಳಿ. ಅತ್ತೆ ನಂಜನಗೂಡಿಗೆ, ನಾದಿನಿಯ ಮನೆಗೆ ಹೋಗುತ್ತಾರೆ. ಯಜಮಾನರು ಅಂಗಡಿ ಪೂಜೆ ಮುಗಿಸಿ ಬರುವಷ್ಟರಲ್ಲಿ ಹತ್ತು ಗಂಟೆಯಾಗುತ್ತದೆ. ಪರಿಚಯದವರೊಬ್ಬರು, ಔಷಧಿ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕಾಲು ಭಾಗ ಕೊಟ್ಟುಬಿಡಿ ಎಂದರು. ಮನಸ್ಸು ಒಪ್ಪಲಿಲ್ಲ. ಹೆದರಿದಾಗ ತಬ್ಬಿ ಸಮಾಧಾನ ಮಾಡಿದರೆ ಪುಕ್ಕಲುತನ ಹೆಚ್ಚುತ್ತದೆ ಎಂದು ಅತ್ತೆ ಹೇಳುತ್ತಾರೆ. ನಿಜವೇ?

ಉತ್ತರ: ಹುಬ್ಬಳ್ಳಿಯಿಂದ

ಮಾತ್ರೆ ಬೇಡವೇ ಬೇಡ. ಹಬ್ಬದ ರಾತ್ರಿ ಕಳೆದುಹೋದ ನಾಯಿಗಳನ್ನು ಹುಡುಕಲು ಗೆಳೆಯರ ಜೊತೆ ನಾನೂ ಓಡಾಡುತ್ತೇನೆ. ಬೆದರಿ ಗೇಟು ಹಾರಿದ ನಾಯಿ ಹೆಸರು ಕೂಗಿದರೂ ತಿರುಗಿ ನೋಡುವುದಿಲ್ಲ. ಕೊರಳಪಟ್ಟಿಯ ಮೇಲೆಯೇ ಅಳಿಸದ ಶಾಯಿಯಲ್ಲಿ ಮೊಬೈಲ್ ಸಂಖ್ಯೆ ಬರೆಯಿರಿ. ತೂಗುಬಿಡುವ ಬಿಲ್ಲೆ ಎಲ್ಲೋ ಉದುರಿಹೋಗುತ್ತದೆ. ಪಟ್ಟಿಯೊಳಗೆ ಎರಡು ಬೆರಳು ಹೋದರೆ ಸಾಕು. ಅದಕ್ಕಿಂತ ಸಡಿಲವಿದ್ದರೆ ತಲೆ ಹಿಂದಕ್ಕೆಳೆದು ಕಳಚಿಕೊಳ್ಳುತ್ತದೆ.

ಉತ್ತರ: ಪಶುವೈದ್ಯ, ದಾವಣಗೆರೆ

ಮೊದಲು ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಭಯ ಎನ್ನುವುದು ಕಲಿಸಿದ ಚಾಳಿಯಲ್ಲ, ಮುದ್ದು ಮಾಡಿದರೆ ಬೆಳೆಯುವುದಕ್ಕೆ. ಕೆಂಚಿ ತಾನಾಗಿ ಬಂದು ಒರಗಿದರೆ ಧಾರಾಳವಾಗಿ ಮೈದಡವಿ. ಮಂಚದ ಕೆಳಗೆ ಸೇರಿಕೊಂಡರೆ ಎಳೆದು ತರಬೇಡಿ. ಅದು ಅವಳೇ ಆರಿಸಿಕೊಂಡ ಜಾಗ.

ನೀವು ಬರೆದ ತುಟಿ ನೆಕ್ಕುವುದು, ಆಕಳಿಸುವುದು ನನಗೆ ಉಗುರಿನ ಗಾಯಕ್ಕಿಂತ ಮುಖ್ಯವಾಗಿ ಕಂಡಿತು. ನಿದ್ದೆ ಬಂದು ಆಕಳಿಸುತ್ತಿಲ್ಲ, ಅದು ಕಳವಳದ ಗುರುತು. ಸದ್ದಿನ ಭಯದ ಜೊತೆಗೆ ಒಂಟಿಯಾಗುವ ಭಯವೂ ಕೂಡಿಕೊಂಡಿದೆ, ಒಂದು ಇನ್ನೊಂದನ್ನು ಹೆಚ್ಚಿಸುತ್ತಿದೆ. ದೀಪಾವಳಿಗೆ ಪಟಾಕಿ ಹಚ್ಚಲು ಸುಪ್ರೀಂ ಕೋರ್ಟ್ 2018ರಲ್ಲಿ ಗೊತ್ತು ಮಾಡಿದ್ದು ರಾತ್ರಿ 8ರಿಂದ 10ರವರೆಗಿನ ಸಮಯ. ನಿಮ್ಮ ಮನೆಯಲ್ಲಿ ಯಾರೂ ಇರದ ಹೊತ್ತೂ ಅದೇ. ಆದ್ದರಿಂದ ಈ ವರ್ಷ ದಯವಿಟ್ಟು ಅವಳನ್ನು ಒಂಟಿಯಾಗಿ ಬಿಡಬೇಡಿ. ಅವಳಿಗೆ ಪರಿಚಯವಿರುವ ಒಬ್ಬರು ಬಂದು ಕುಳಿತರೂ ಸಾಕು.

ರಸ್ತೆಗೆ ದೂರವಾದ, ಒಳಗಿನ ಕೋಣೆ ಆರಿಸಿ. ಕಿಟಕಿ ಮುಚ್ಚಿ ದಪ್ಪ ಪರದೆ ಎಳೆಯಿರಿ, ಫ್ಯಾನ್ ಹಾಕಿ, ಟಿವಿಯ ಸದ್ದು ದಿನದಷ್ಟೇ ಇರಲಿ. ನಿಮ್ಮ ಉಟ್ಟ ಸೀರೆಯೊಂದನ್ನು ಒಗೆಯದೆ ಹಾಸಿ. ಕೋಣೆಯ ಬಾಗಿಲಿಗೆ ಚಿಲಕ ಬೇಡ. ಹೊರಬಾಗಿಲು ಮತ್ತು ಗೇಟು ಮಾತ್ರ ಭದ್ರವಾಗಿರಲಿ. ಕಿಟಕಿಯ ಸರಳಿಗೆ ಸರಪಳಿ ಕಟ್ಟುವುದಂತೂ ಕೂಡದು. ಬೆಚ್ಚಿ ಹಾರಿದರೆ ಕೊರಳಿಗೆ ಉರುಳಾಗುತ್ತದೆ. ಹೊರಗೆ ಸುತ್ತಾಡಿಸುವುದನ್ನು ಬೆಳಕಿರುವಾಗಲೇ ಮುಗಿಸಿ. ನರಕ ಚತುರ್ದಶಿಯಂದು ಎಣ್ಣೆಸ್ನಾನದ ಹೊತ್ತಿಗೇ, ಇನ್ನೂ ನಸುಕಿರುವಾಗಲೇ ಪಟಾಕಿ ಶುರುವಾಗುತ್ತದೆ. ದಿನದ ರೂಢಿಯಂತೆ ಬೆಳಗಿನ ಜಾವ ಕರೆದುಕೊಂಡು ಹೋದವರ ಕೈಯಿಂದಲೇ ನಾಯಿಗಳು ತಪ್ಪಿಸಿಕೊಳ್ಳುವುದು.

ಮಾತ್ರೆಯ ವಿಷಯ. ಕೆಲವು ಮಂಪರಿನ ಔಷಧಿಗಳು ದೇಹವನ್ನಷ್ಟೇ ಕಟ್ಟಿಹಾಕುತ್ತವೆ. ಏಸ್‌ಪ್ರೊಮಜಿನ್ ಅಂಥದ್ದು. ನಾಯಿ ಅಲುಗಾಡದೆ ಮಲಗಿರುತ್ತದೆ, ಒಳಗೆ ಭಯ ಹಾಗೇ ಇರುತ್ತದೆ. ನೋಡುವವರು ಶಾಂತವಾಯಿತು ಎಂದುಕೊಳ್ಳುತ್ತಾರೆ. ನನಗೆ ಇದಕ್ಕಿಂತ ಸಂಕಟದ ನೋಟ ಇಲ್ಲ. ಟ್ರಾಜೊಡೋನ್, ಗ್ಯಾಬಾಪೆಂಟಿನ್‌ನಂಥವು ಕಳವಳವನ್ನೇ ತಗ್ಗಿಸುತ್ತವೆ. ಆದರೆ ತೂಕ ನೋಡಿ, ಬೇರೆ ಕಾಯಿಲೆ ಇದೆಯೇ ಎಂದು ಪರೀಕ್ಷಿಸಿ ವೈದ್ಯರೇ ಬರೆದುಕೊಡಬೇಕು. ಮನುಷ್ಯರಿಗಾಗಿ ತಯಾರಿಸಿದ ಕೆಲವು ಸಿರಪ್‌ಗಳಲ್ಲಿ ಜೈಲಿಟಾಲ್ ಎಂಬ ಸಿಹಿ ಇರುತ್ತದೆ. ಅದು ನಾಯಿಗೆ ವಿಷ. ಈ ವಾರವೇ ತೋರಿಸಿ. ಹಬ್ಬಕ್ಕೆ ಮುಂಚೆ, ಸದ್ದಿಲ್ಲದ ಒಂದು ದಿನ ಕೊಟ್ಟು ಹೇಗೆ ಒಗ್ಗುತ್ತದೆ ಎಂದು ನೋಡಬೇಕು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು ಡಾಕ್ಟರೇ. ನಿಮ್ಮ ಉತ್ತರವನ್ನು ಅತ್ತೆಗೆ ಓದಿ ಹೇಳಿದೆ. ನಂಜನಗೂಡಿಗೆ ಬಲಿಪಾಡ್ಯಮಿಯ ದಿನ ಹೋದರಾಯಿತು, ಅಮಾವಾಸ್ಯೆಗೆ ಕೆಂಚಿಯ ಜೊತೆ ತಾವೇ ಇರುತ್ತೇನೆ ಎಂದಿದ್ದಾರೆ. ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ಹಾಕಿ ಅಭ್ಯಾಸ ಮಾಡಿಸಬಹುದು ಎನ್ನುತ್ತಾರಲ್ಲ, ಈಗಲೇ ಶುರು ಮಾಡಲೇ?

ಪಶುವೈದ್ಯ, ದಾವಣಗೆರೆ

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅಭ್ಯಾಸಕ್ಕೆ ಇದು ಕಾಲವಲ್ಲ. ನಿಮ್ಮೂರಿನಲ್ಲೇ ನೋಡಿದ್ದೀರಲ್ಲ, ಜಂಬೂಸವಾರಿಯ ದಿನದ 21 ಕುಶಾಲತೋಪಿಗೆ ಆನೆ, ಕುದುರೆಗಳು ಬೆದರದಿರಲಿ ಎಂದು ದಸರೆಗೆ ಮುಂಚೆಯೇ ಫಿರಂಗಿ ಸಿಡಿಸಿ ಮತ್ತೆ ಮತ್ತೆ ತಾಲೀಮು ಕೊಡುತ್ತಾರೆ. ಕೆಂಚಿಗೆ ಅದಕ್ಕಿಂತಲೂ ಮೆಲ್ಲಗೆ ಆಗಬೇಕು. ಹಬ್ಬ ಕಳೆದು ಊರು ತಣ್ಣಗಾದ ಮೇಲೆ, ಅವಳು ಕಿವಿ ಮಾತ್ರ ನಿಮಿರಿಸುವಷ್ಟು ಸಣ್ಣ ಸದ್ದು ಹಾಕಿ, ಅದರ ಹಿಂದೆಯೇ ಬೇಯಿಸಿದ ಕೋಳಿಯ ಚೂರು ಕೊಡಿ. ತಿನ್ನುವುದನ್ನು ಬಿಟ್ಟಳೆಂದರೆ ಸದ್ದು ಹೆಚ್ಚಾಯಿತು ಎಂದೇ ತಿಳಿಯಿರಿ.

ಕೀಯ ವಿಷಯ ಮಾತ್ರ ಇವತ್ತಿನಿಂದಲೇ ಆಗಬಹುದು. ಕೀ ಎತ್ತಿ, ಹೊರಗೆ ಹೋಗದೆ ಅಡುಗೆಮನೆಯಲ್ಲಿ ಕುಳಿತು ಸೊಪ್ಪು ಬಿಡಿಸಿ. ಚಪ್ಪಲಿ ಮೆಟ್ಟಿ, ಮತ್ತೆ ಬಿಡಿ. ಅವಳು ಆಕಳಿಸುವುದನ್ನು ನಿಲ್ಲಿಸಿದ ಮೇಲೆ ಬಾಗಿಲು ದಾಟಿ ಕೂಡಲೇ ಒಳಗೆ ಬನ್ನಿ. ಎಷ್ಟು ಹೊತ್ತು ಹೊರಗಿರಬಹುದು ಎಂಬುದನ್ನು ಗಡಿಯಾರ ನೋಡಿ ತೀರ್ಮಾನಿಸಬೇಡಿ. ಕಪಾಟಿನ ಮೇಲೆ ಮೊಬೈಲ್ ಇಟ್ಟು ವಿಡಿಯೊ ಮಾಡಿ, ವೈದ್ಯರಲ್ಲಿಗೆ ಹೋಗುವಾಗ ಅದನ್ನೂ ತೋರಿಸಿ. ಚಿಕಿತ್ಸಾಲಯದ ಮೇಜಿನ ಮೇಲೆ ನಿಂತ ನಾಯಿ ಮನೆಯಲ್ಲಿ ಏನು ಮಾಡುತ್ತದೆ ಎಂಬುದು ನಮಗೆ ಹಾಗೆಯೇ ಗೊತ್ತಾಗಬೇಕು.